ಡಿಕ್ಕಿ ತೆಗೆದರೆ ಜಾತ್ರೆ: ಟೇಲ್‌ಗೇಟ್ ಬಗ್ಗೆ ನಿಮ್ಮ ಪ್ರಶ್ನೆಗಳು

ಹೋದ ಸಂಚಿಕೆಯಲ್ಲಿ ಸುಮ್ನೆ ಒಂದು ಮಾತು ಬರೆದಿದ್ದೆ. ಅಮೆರಿಕದಲ್ಲಿ ಫುಟ್‌ಬಾಲ್ (ನಮ್ಮ ಕಾಲ್ಚೆಂಡಲ್ಲ, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅವರದೇ ಆಟ) ನೋಡೋಕೆ ಹೋದವರು ಆಟಕ್ಕಿಂತ ಜಾಸ್ತಿ ಹೊತ್ತು ಪಾರ್ಕಿಂಗ್ ಲಾಟ್‌ನಲ್ಲೇ ಕಳೆಯುತ್ತಾರೆ, ಅಲ್ಲೇ ಒಲೆ ಹೊತ್ತಿಸಿ ಮಾಂಸ ಸುಟ್ಟು ಬಿಯರ್ ಕುಡಿಯುತ್ತಾರೆ ಅಂತ. ಅಷ್ಟಕ್ಕೇ ಇಷ್ಟು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಅರ್ಧ ಪತ್ರಗಳು ಮಕ್ಕಳನ್ನು ಅಲ್ಲಿಗೆ ಓದಲು ಕಳಿಸಿದ ಅಪ್ಪ ಅಮ್ಮಂದಿರವು. ಉಳಿದವು ಮೊಬೈಲ್‌ನಲ್ಲಿ ವೀಡಿಯೊ ನೋಡಿ ತಲೆ ಕೆರೆದುಕೊಂಡವರವು. ನಾನು ಒಂಬತ್ತು ವರ್ಷ ನ್ಯೂಜೆರ್ಸಿಯಲ್ಲಿದ್ದೆ, ಫಿಲಡೆಲ್ಫಿಯಾಕ್ಕೆ ಅರ್ಧ ಗಂಟೆ ದಾರಿ. ಆಟದ ನಿಯಮ ಇವತ್ತಿಗೂ ಪೂರ್ತಿ ತಲೆಗೆ ಹತ್ತಿಲ್ಲ. ಪಾರ್ಕಿಂಗ್ ಲಾಟ್ ಮಾತ್ರ ಚೆನ್ನಾಗಿ ಗೊತ್ತು.

ಟೇಲ್‌ಗೇಟ್ ಅಂದರೆ ಏನು? ಅಮೆರಿಕದಲ್ಲಿ ರಸ್ತೆಯಲ್ಲಿ ಕುಡಿದರೆ ದಂಡ ಅನ್ನುತ್ತಾರೆ, ಮತ್ತೆ ಇಲ್ಲಿ ಹೇಗೆ ಬಿಡುತ್ತಾರೆ?
— ಒಬ್ಬ ಓದುಗರು, ತುಮಕೂರು

ಟೇಲ್‌ಗೇಟ್ ಅಂದರೆ ಗಾಡಿಯ ಹಿಂದಿನ ಬಾಗಿಲು, ನಮ್ಮ ಮಾತಿನಲ್ಲಿ ಡಿಕ್ಕಿ ಬಾಗಿಲು. ಪಿಕಪ್ ಟ್ರಕ್ಕಿನ ಆ ಬಾಗಿಲನ್ನು ಕೆಳಕ್ಕೆ ಬಿಟ್ಟರೆ ಅದೇ ಮೇಜು, ಅದೇ ಬೆಂಚು. ಅದರ ಮೇಲೆ ತಿಂಡಿ ಹರಡಿ ಆಟ ಶುರುವಾಗುವ ತನಕ ಕೂತು ತಿನ್ನುವುದಕ್ಕೆ ಟೇಲ್‌ಗೇಟ್ ಅಂತ ಹೆಸರು.

ಭಾನುವಾರ ಮಧ್ಯಾಹ್ನ 1 ಗಂಟೆಗೆ ಆಟ ಅಂದುಕೊಳ್ಳಿ. ಲಾಟ್ ಬೆಳಗ್ಗೆ ಎಂಟೋ ಒಂಬತ್ತೋ ಗಂಟೆಗೆ ತೆಗೆಯುತ್ತಾರೆ. ಅದಕ್ಕೂ ಮುಂಚೆ ಗೇಟಿನ ಹೊರಗೆ ಗಾಡಿಗಳ ಸಾಲು. ಒಳಗೆ ಹೋದವರು ಹತ್ತೇ ನಿಮಿಷದಲ್ಲಿ ಶಾಮಿಯಾನ ಹಾಕಿ, ಇದ್ದಿಲು ಹೊತ್ತಿಸಿ, ಸ್ಪೀಕರ್ ಹಚ್ಚಿಬಿಡುತ್ತಾರೆ. ಅಕ್ಟೋಬರ್ ಕೊನೆಯ ಚಳಿ, ಬಾಯಿಂದ ಹೊಗೆ, ಒಲೆಯಿಂದ ಹೊಗೆ, ಎರಡೂ ಕಲೆತು ಕಣ್ಣು ಉರಿಯುತ್ತದೆ. ಮಕ್ಕಳು ಓರೆ ಹಲಗೆಯ ತೂತಿಗೆ ಕಾಳು ತುಂಬಿದ ಚೀಲ ಎಸೆಯುವ ಆಟ ಆಡುತ್ತಿರುತ್ತಾರೆ. ದೊಡ್ಡವರ ಕೈಯಲ್ಲಿ ಕೆಂಪು ಪ್ಲಾಸ್ಟಿಕ್ ಲೋಟ. ನಮ್ಮೂರ ಜಾತ್ರೆಗೆ ಹಿಂದಿನ ದಿನವೇ ಎತ್ತಿನಗಾಡಿ ಕಟ್ಟಿಕೊಂಡು ಹೋಗಿ ಮರದಡಿ ಒಲೆ ಹೂಡುತ್ತಿದ್ದರಲ್ಲ, ಅದನ್ನು ನೋಡಿದವರಿಗೆ ಇದು ಹೊಸದೇನೂ ಅನಿಸುವುದಿಲ್ಲ.

ಕುಡಿತದ ವಿಷಯಕ್ಕೆ ಬಂದರೆ, ತೆರೆದ ಬಾಟಲಿ ಹಿಡಿದು ಬೀದಿಯಲ್ಲಿ ನಡೆದರೆ ಅಲ್ಲಿ ಬಹಳ ಊರುಗಳಲ್ಲಿ ದಂಡ, ನಿಜ. ಆದರೆ ಲಾಟ್ ಕ್ರೀಡಾಂಗಣದವರ ಹತೋಟಿಯಲ್ಲಿರುವ ಜಾಗ. ಪಂದ್ಯದ ದಿನ, ಇಷ್ಟು ಗಂಟೆಯಿಂದ ಇಷ್ಟು ಗಂಟೆಯವರೆಗೆ ಅಂತ ಅವರೇ ಗೊತ್ತುಮಾಡಿ ಬಿಡುತ್ತಾರೆ. ಈ ಗಂಟೆ ಲೆಕ್ಕ ನೆನಪಿಟ್ಟುಕೊಳ್ಳಿ. ಮುಂದಿನ ಅರ್ಧಕ್ಕರ್ಧ ಉತ್ತರಗಳಿಗೆ ಅದೇ ಮೂಲ.

ಮಗ ಓಹಾಯೋದ ಕೊಲಂಬಸ್‌ನಲ್ಲಿ ಎಂ.ಎಸ್. ಓದುತ್ತಿದ್ದಾನೆ. ಶನಿವಾರ ಫೋನ್ ಮಾಡಿದರೆ "ಟೇಲ್‌ಗೇಟ್‌ಗೆ ಹೋಗ್ತಿದ್ದೀನಮ್ಮ" ಅಂತಾನೆ, ಹಿಂದೆ ಬರೀ ಕೂಗಾಟ ಕೇಳಿಸುತ್ತದೆ. ಭಯ ಆಗುತ್ತದೆ. ಬೇಡ ಅನ್ನಲಾ?
— ಒಬ್ಬ ತಾಯಿ, ಹುಬ್ಬಳ್ಳಿ

ಬೇಡ ಅನ್ನಬೇಡಿ ಅಮ್ಮಾ. ಅಂದರೂ ಅವನು ಹೋಗುತ್ತಾನೆ, ನಿಮಗೆ ಹೇಳುವುದು ಮಾತ್ರ ಬಿಡುತ್ತಾನೆ.

ಆ ಊರಿನ ವಿಶ್ವವಿದ್ಯಾಲಯದ ಕ್ರೀಡಾಂಗಣದಲ್ಲಿ ಒಂದು ಲಕ್ಷಕ್ಕೂ ಜಾಸ್ತಿ ಜನ ಕೂರಬಹುದು. ಶನಿವಾರ ಇಡೀ ಊರೇ ಕೆಂಪು ಅಂಗಿ ಹಾಕಿಕೊಂಡು ಅತ್ತ ಹೊರಡುತ್ತದೆ. ಮನೆಯಿಂದ ಅಷ್ಟು ದೂರ ಇರುವ ಹುಡುಗನಿಗೆ ಊರಿನವರ ಜೊತೆ ಸೇರಿದ ಹಾಗಾಗುವುದು ಅಲ್ಲೇ. ಕೂಗಾಟ ಕೇಳಿ ಹೆದರಬೇಡಿ. ಅರ್ಧ ಊರು ಒಂದು ಕಡೆ ನಿಂತು "ಓ-ಎಚ್" ಅನ್ನುತ್ತದೆ, ಇನ್ನರ್ಧ "ಐ-ಓ" ಅಂತ ಕಿರುಚುತ್ತದೆ. ಅದು ಜಗಳ ಅಲ್ಲ, ರಾಜ್ಯದ ಹೆಸರಿನ ಸ್ಪೆಲ್ಲಿಂಗ್.

ಆದರೆ ಅವನಿಗೆ ಮೂರು ಮಾತು ಹೇಳಿ, ಬೈದು ಹೇಳಬೇಡಿ, ಸುಮ್ನೆ ಮಾತಿನ ಮಧ್ಯೆ ಸೇರಿಸಿ. ಮೊದಲನೆಯದು ವಯಸ್ಸು. ಅಲ್ಲಿ 21 ತುಂಬದೆ ಕುಡಿಯುವಂತಿಲ್ಲ. ಅವನಿಗೆ ಆಗಿರಬಹುದು, ಜೊತೆಯಲ್ಲಿರುವ ಬಿ.ಎಸ್. ಓದುವ ಹುಡುಗರಿಗೆ ಆಗಿರುವುದಿಲ್ಲ. ಅವರ ಕೈಗೆ ಇವನು ಕ್ಯಾನ್ ಕೊಟ್ಟರೆ ಕೊಟ್ಟವನಿಗೂ ಕೇಸು. ಎರಡನೆಯದು ಗಾಡಿ, ಇದು ಬಹಳ ಮುಖ್ಯ. ಕುಡಿದು ಗಾಡಿ ಓಡಿಸಿ ಸಿಕ್ಕಿಬಿದ್ದರೆ ಅಮೆರಿಕದ ಹುಡುಗನಿಗೆ ಲೈಸೆನ್ಸು ಹೋಗಬಹುದು, ದಂಡ ಬೀಳಬಹುದು. ನಮ್ಮ ಹುಡುಗನಿಗೆ ವೀಸಾನೇ ಹೋಗಬಹುದು. 2015ರಿಂದ ಅಲ್ಲಿನ ವಿದೇಶಾಂಗ ಇಲಾಖೆ ತಪ್ಪು ಸಾಬೀತಾಗುವ ತನಕ ಕಾಯುತ್ತಾ ಕೂರುವುದಿಲ್ಲ. ಅರೆಸ್ಟ್ ಆಗಿದೆ ಅನ್ನುವುದೇ ವೀಸಾ ರದ್ದು ಮಾಡಲು ಸಾಕು. ಬಸ್ಸಲ್ಲಿ ಬಾ, ನಡೆದು ಬಾ, ಊಬರ್ ಹಿಡಿ, ದುಡ್ಡು ನಾನು ಕಳಿಸ್ತೀನಿ ಅನ್ನಿ. ಮೂರನೆಯದು ಬದ್ಧವೈರಿ ಮಿಷಿಗನ್ ವಿಶ್ವವಿದ್ಯಾಲಯದ ಜೊತೆಗಿನ ಪಂದ್ಯ. ನವೆಂಬರ್ ಕೊನೆಗೆ ಬರುವ ಆ ಒಂದು ಆಟದ ದಿನ ಎದುರಾಳಿಯ ನೀಲಿ ಅಂಗಿ ಹಾಕಿದವನ ಜೊತೆ ತಮಾಷೆಗೂ ವಾದ ಬೇಡ. 2024ರ ನವೆಂಬರ್ 30ರಂದು ಅದೇ ಕೊಲಂಬಸ್‌ನಲ್ಲಿ ಮಿಷಿಗನ್ 13-10ರಿಂದ ಗೆದ್ದು ಮೈದಾನದ ನಡುವೆ ತನ್ನ ಬಾವುಟ ನೆಡಲು ಹೋಯಿತು, ಹೊಡೆದಾಟ ಆಯಿತು, ಪೊಲೀಸರು ಪೆಪ್ಪರ್ ಸ್ಪ್ರೇ ಹೊಡೆದರು. ಎರಡೂ ವಿಶ್ವವಿದ್ಯಾಲಯಗಳಿಗೆ ತಲಾ ಒಂದು ಲಕ್ಷ ಡಾಲರ್ ದಂಡ ಬಿತ್ತು. ಹೊಡೆದಾಡಿದವರು ಅಭಿಮಾನಿಗಳಲ್ಲ, ಆಟಗಾರರು! ಆಡುವವರೇ ಹಾಗಿದ್ದರೆ ನೋಡುವವರು ಹೇಗಿರುತ್ತಾರೆ ಅಂತ ನೀವೇ ಲೆಕ್ಕ ಹಾಕಿ.

ಡಿಸೆಂಬರ್‌ನಲ್ಲಿ ಮಗಳ ಮನೆಗೆ ಹೋಗುತ್ತಿದ್ದೇವೆ. ಅಳಿಯ ಎನ್‌ಎಫ್‌ಎಲ್ (ಅಲ್ಲಿನ ವೃತ್ತಿಪರ ಫುಟ್‌ಬಾಲ್ ಲೀಗ್) ಪಂದ್ಯದ ಟಿಕೆಟ್ ತೆಗೆದಿದ್ದಾನೆ. ಬ್ಯಾಗ್ ಬಿಡಲ್ಲವಂತೆ. ನನ್ನ ಬಿಪಿ ಮಾತ್ರೆ, ಮೊಮ್ಮಗಳ ಡೈಪರ್ ಎಲ್ಲ ಎಲ್ಲಿ ಇಡುವುದು?
— ನಿವೃತ್ತ ಶಿಕ್ಷಕಿ, ಮೈಸೂರು

ಮೇಡಂ, ಇದರಲ್ಲಿ ನಾನು ಕೈ ಸುಟ್ಟುಕೊಂಡವನು, ಅದಕ್ಕೇ ವಿವರವಾಗಿ ಹೇಳುತ್ತೇನೆ.

2013ರ ಏಪ್ರಿಲ್‌ನಲ್ಲಿ ಬಾಸ್ಟನ್ ಮ್ಯಾರಥಾನ್‌ನಲ್ಲಿ ಬಾಂಬ್ ಸಿಡಿಯಿತಲ್ಲ, ಬೆನ್ನಿಗೆ ಹಾಕುವ ಚೀಲದಲ್ಲಿ ತಂದಿಟ್ಟಿದ್ದರು. ಅದೇ ವರ್ಷದ ಸೀಸನ್‌ನಿಂದ ಎನ್‌ಎಫ್‌ಎಲ್ ಪಾರದರ್ಶಕ ಬ್ಯಾಗ್ ನಿಯಮ ತಂದಿತು. ಚೀಲದ ಒಳಗಿರುವುದು ಹೊರಗೆ ಕಾಣಬೇಕು. ಅಳತೆ 12 ಇಂಚು ಅಗಲ, 12 ಇಂಚು ಎತ್ತರ, 6 ಇಂಚು ದಪ್ಪ ಮೀರಬಾರದು. ಇಲ್ಲ ಅಂದರೆ ಒಂದು ಗ್ಯಾಲನ್‌ನ ಜಿಪ್ ಕವರ್, ಫ್ರೀಜರ್‌ಗೆ ಬಟಾಣಿ ಹಾಕಿಡುತ್ತೇವಲ್ಲ, ಅದೇ. ಇದರ ಜೊತೆಗೆ ಅಂಗೈಯಷ್ಟು ಸಣ್ಣ ಪರ್ಸ್ ಒಂದನ್ನು ಬಿಡುತ್ತಾರೆ, ಅದು ಪಾರದರ್ಶಕ ಆಗಿರಬೇಕಿಲ್ಲ. ಡೈಪರ್ ಬ್ಯಾಗ್ ಅಂತ ಬೇರೆ ಬ್ಯಾಗ್ ಬಿಡುವುದಿಲ್ಲ, ಡೈಪರ್‌ಗಳನ್ನು ಈ ಪಾರದರ್ಶಕ ಚೀಲಕ್ಕೇ ಹಾಕಬೇಕು. ಮಗುವಿನ ಲೆಕ್ಕಕ್ಕೂ ಒಂದು ಚೀಲ ಉಂಟು, ಮೊಮ್ಮಗಳ ಟಿಕೆಟ್ ಇದ್ದರೆ ಅವಳ ಚೀಲ ಅವಳಿಗೆ. ಔಷಧಿಗೆ ತೊಂದರೆ ಇಲ್ಲ, ತೋರಿಸಿ ಹೇಳಿದರೆ ನೋಡಿ ಬಿಡುತ್ತಾರೆ, ಮಾತ್ರೆಯನ್ನು ಅದರ ಡಬ್ಬಿಯಲ್ಲೇ ಇಟ್ಟಿರಿ.

ನಮ್ಮ ಕಥೆ ಏನಾಯಿತು ಅಂದರೆ, ಮೊದಲ ಸಲ ಹೋದಾಗ ಹೆಂಡತಿಯ ಹೆಗಲಲ್ಲಿ ಒಂದು ಮಾಮೂಲಿ ಹ್ಯಾಂಡ್‌ಬ್ಯಾಗ್ ಇತ್ತು. ಗೇಟಿನಲ್ಲಿದ್ದ ಹುಡುಗ ಮುಖ ಕೂಡ ಎತ್ತದೆ "ಕಾರ್" ಅಂದ. ಅಷ್ಟೇ, ಒಂದೇ ಪದ. ಕಾರು ಒಂದು ಮೈಲಿ ಹಿಂದೆ. ಹೋಗಿ ಬರುವಷ್ಟರಲ್ಲಿ ಆಟದ ಮೊದಲ ಕಾಲುಭಾಗ ಮುಗಿದಿತ್ತು, ಅವಳ ಲಿಪ್‌ಸ್ಟಿಕ್ಕು, ಪರ್ಸು, ಅರ್ಧ ತಿಂದ ಚಕ್ಕುಲಿ ಎಲ್ಲ ಪಕ್ಕದ ಕಾರಿನವರು ಕೊಟ್ಟ ಬ್ರೆಡ್ ಕವರ್‌ನಲ್ಲಿ ಮೆರವಣಿಗೆ ಹೊರಟಿತ್ತು. ಅಳಿಯನಿಗೆ ಹೇಳಿ, ಜಿಪ್ ಕವರ್ ನಾಲ್ಕು ಜಾಸ್ತಿ ಇಟ್ಟುಕೊಳ್ಳಲಿ. ಮರೆತು ಬಂದವರು ಯಾರಾದರೂ ಇದ್ದೇ ಇರುತ್ತಾರೆ.

ಇನ್ನೊಂದು. ಈ ನಿಯಮ ಎಲ್ಲ ಗೇಟಿನದು. ಲಾಟ್‌ನಲ್ಲಿ ನಿಮ್ಮ ಗಾಡಿಯಲ್ಲಿ ಏನಿದೆ ಅಂತ ಇಷ್ಟು ಕಟ್ಟುನಿಟ್ಟಾಗಿ ಯಾರೂ ನೋಡುವುದಿಲ್ಲ. ನನಗೆ ಯಾವಾಗಲೂ ವಿಚಿತ್ರ ಅನಿಸಿದ್ದು ಇದೇ. ಲಿಪ್‌ಸ್ಟಿಕ್ಕಿಗೆ ಅಷ್ಟು ತಪಾಸಣೆ, ನಾಲ್ಕು ಗಂಟೆ ಕುಡಿದು ತೂರಾಡುತ್ತಾ ಬರುವ ಮನುಷ್ಯನ ಚೀಲ ಪಾರದರ್ಶಕ ಇದ್ದರೆ ಸಾಕು.

ಟ್ರಕ್ ಮೇಲಿಂದ ಟೇಬಲ್ ಮೇಲೆ ಹಾರಿ ಅದನ್ನು ಮುರಿಯುತ್ತಾರಲ್ಲ, ಅದೇನು ಶಾಸ್ತ್ರವಾ?
— ಪಿಯುಸಿ ವಿದ್ಯಾರ್ಥಿ, ಶಿವಮೊಗ್ಗ

ಶಾಸ್ತ್ರ ಅಂದರೂ ತಪ್ಪಿಲ್ಲ. ಅದು ಬಫಲೊ ಬಿಲ್ಸ್ ತಂಡದ ಅಭಿಮಾನಿಗಳದ್ದು, ತಮ್ಮನ್ನು ತಾವೇ ಬಿಲ್ಸ್ ಮಾಫಿಯಾ ಅಂತ ಕರೆದುಕೊಳ್ಳುತ್ತಾರೆ. ನ್ಯೂಯಾರ್ಕ್ ರಾಜ್ಯದ ತುದಿ, ನಯಾಗರಾ ಜಲಪಾತದ ಹತ್ತಿರ, ಆರ್ಚರ್ಡ್ ಪಾರ್ಕ್ ಅಂತ ಊರು. ಹಿಮ ಬಿದ್ದರೆ ಮೊಣಕಾಲುದ್ದ. ಮದುವೆ ಮನೆಯಲ್ಲಿ ಊಟಕ್ಕೆ ಹಾಕುವ ಮಡಿಸುವ ಟೇಬಲ್ ಇದೆಯಲ್ಲ, ಅಂಥದ್ದನ್ನು ನಿಲ್ಲಿಸಿ, ವ್ಯಾನಿನ ನೆತ್ತಿಯಿಂದ ಬೆನ್ನು ಕೆಳಗೆ ಮಾಡಿ ಬೀಳುತ್ತಾರೆ, ಟಿವಿ ಕುಸ್ತಿಯವರ ಥರ. ಕೆಲವರು ಟೇಬಲ್‌ಗೆ ಬೆಂಕಿಯನ್ನೂ ಹಚ್ಚುತ್ತಾರೆ. ನೀನು ಮಾಡಬೇಡ ಮಾರಾಯ, ಬೆನ್ನುಮೂಳೆ ಒಂದೇ ಇರುವುದು.

ತಂಡದವರು ಸುಮ್ಮನಿದ್ದಾರೆ ಅಂದುಕೊಳ್ಳಬೇಡ. ತಮ್ಮ ಲಾಟ್‌ಗಳಲ್ಲಿ ಇದಕ್ಕೆ ಕಡಿವಾಣ ಹಾಕಿದರು, ಸಿಕ್ಕಿಬಿದ್ದರೆ ಹೊರಗೆ ಅಂದರು. ಆಗ ಏನಾಯಿತು ಗೊತ್ತಾ? ಕ್ರೀಡಾಂಗಣದ ಸುತ್ತ ಇರುವ ಮನೆಯವರು ತಮ್ಮ ಅಂಗಳವನ್ನೇ ಪಾರ್ಕಿಂಗ್‌ಗೆ ಬಾಡಿಗೆ ಕೊಡುತ್ತಾರೆ. ಪುಂಡಾಟ ಅಲ್ಲಿಗೆ ಜರುಗಿತು. ಬೇಲಿಯ ಈ ಕಡೆ ತಂಡದ ಕಾವಲುಗಾರ, ಆ ಕಡೆ ಟೇಬಲ್ ಮುರಿಯುವವನು. ಇಬ್ಬರೂ ಪರಸ್ಪರ ನೋಡುತ್ತಿರುತ್ತಾರೆ.

ಇದೇ ಜನರ ಇನ್ನೊಂದು ಮುಖವೂ ಹೇಳುತ್ತೇನೆ, ಇಲ್ಲದಿದ್ದರೆ ಅನ್ಯಾಯ ಆಗುತ್ತದೆ. 2020ರ ನವೆಂಬರ್‌ನಲ್ಲಿ ಅವರ ಆಟಗಾರ ಜಾಶ್ ಅಲೆನ್‌ನ ಅಜ್ಜಿ ತೀರಿಕೊಂಡರು. ಅವನ ಅಂಗಿಯ ನಂಬರ್ 17. ಅಭಿಮಾನಿಗಳು ಯಾರೂ ಹೇಳದೆ ಊರಿನ ಮಕ್ಕಳ ಆಸ್ಪತ್ರೆಗೆ ಹದಿನೇಳು ಹದಿನೇಳು ಡಾಲರ್ ಕಳಿಸಲು ಶುರುಮಾಡಿದರು. ಹತ್ತು ಲಕ್ಷ ಡಾಲರ್ ದಾಟಿತು. ಟೇಬಲ್ ಮುರಿದವರೂ ಅವರೇ, ದುಡ್ಡು ಕಳಿಸಿದವರೂ ಅವರೇ.

ಫಿಲಡೆಲ್ಫಿಯಾ ಕ್ರೀಡಾಂಗಣದ ಒಳಗೇ ಕೋರ್ಟ್ ಇತ್ತಂತೆ. ನಿಜವಾ, ಯಾರೋ ಬಿಟ್ಟ ಬುರುಡೆನಾ?
— ವಕೀಲರೊಬ್ಬರು, ಬೆಂಗಳೂರು

ನಿಜ ಸಾರ್. ನಮ್ಮ ಪಕ್ಕದ ಊರಾದ್ದರಿಂದ ಇದರ ಬಗ್ಗೆ ಒಂಚೂರು ಹೆಮ್ಮೆಯಿಂದಲೇ ಮಾತಾಡುತ್ತೇನೆ.

1997ರ ನವೆಂಬರ್ 10, ಸೋಮವಾರ ರಾತ್ರಿಯ ಪಂದ್ಯ, ಊರಿನ ತಂಡ ಈಗಲ್ಸ್‌ಗೆ ಎದುರಾಳಿ ಸ್ಯಾನ್ ಫ್ರಾನ್ಸಿಸ್ಕೊ. ರಾತ್ರಿ ಪಂದ್ಯ ಅಂದರೆ ಕುಡಿಯೋಕೆ ಇಡೀ ದಿನ. ಗ್ಯಾಲರಿಯಲ್ಲಿ ಹೊಡೆದಾಟದ ಮೇಲೆ ಹೊಡೆದಾಟ. ಅದರ ಮಧ್ಯೆ ಒಬ್ಬ, ದೋಣಿಯವರು ಅಪಾಯದಲ್ಲಿ ಆಕಾಶಕ್ಕೆ ಹಾರಿಸುವ ಬೆಳಕಿನ ಪಿಸ್ತೂಲು ತಂದು ಎದುರಿನ ಖಾಲಿ ಸೀಟುಗಳ ಕಡೆ ಹಾರಿಸಿಯೇಬಿಟ್ಟ. ಟಿವಿಯಲ್ಲಿ ದೇಶವೆಲ್ಲ ನೋಡಿತು, ಊರಿನ ಮಾನ ಹೋಯಿತು. ಅದೇ ತಿಂಗಳು ವೆಟರನ್ಸ್ ಸ್ಟೇಡಿಯಂನ ನೆಲಮಾಳಿಗೆಯಲ್ಲಿ ಕೋರ್ಟ್ ಕೂತಿತು. ನ್ಯಾಯಾಧೀಶರು ಶೇಮಸ್ ಮೆಕ್ಯಾಫ್ರಿ. ಮೇಲೆ ಆಟ ನಡೆಯುತ್ತಿರುತ್ತದೆ, ಕೆಳಗೆ ಗಲಾಟೆ ಮಾಡಿದವನನ್ನು ಎಳೆದುಕೊಂಡು ಬಂದು ನಿಲ್ಲಿಸುತ್ತಾರೆ, ವಿಚಾರಣೆ, ದಂಡ, ಮುಂದಿನವನು. ಅಮಲು ಇಳಿಯುವ ಮೊದಲೇ ತೀರ್ಪು. ನಮ್ಮಲ್ಲಿ ವಾಯಿದೆ ಮೇಲೆ ವಾಯಿದೆ ನೋಡಿದ ನಿಮಗೆ ಹೊಟ್ಟೆಕಿಚ್ಚು ಆಗಬೇಕು. 2003ರಲ್ಲಿ ತಂಡ ಹೊಸ ಕ್ರೀಡಾಂಗಣಕ್ಕೆ ಹೋಯಿತು, ನೆಲಮಾಳಿಗೆ ಕೋರ್ಟ್ ಹಳೆಯದರ ಜೊತೆಗೇ ಮುಗಿಯಿತು.

ಅದೇ ಊರಿನ ಇನ್ನೊಂದು ಕಥೆ ಹೇಳದಿದ್ದರೆ ನನಗೆ ನಿದ್ದೆ ಬರಲ್ಲ. 2018ರ ಜನವರಿಯಲ್ಲಿ ಈಗಲ್ಸ್ ತಂಡ ಸೂಪರ್ ಬೌಲ್‌ಗೆ, ಅಂದರೆ ಎನ್‌ಎಫ್‌ಎಲ್ ಫೈನಲ್‌ಗೆ, ಒಂದು ಹೆಜ್ಜೆ ಹಿಂದಿತ್ತು. ಗೆದ್ದರೆ ಜನ ದೀಪದ ಕಂಬ ಹತ್ತಿ ಕುಣಿಯುತ್ತಾರೆ ಅಂತ ಗೊತ್ತಿದ್ದ ಪೊಲೀಸರು ಕಂಬಗಳಿಗೆ ಕ್ರಿಸ್ಕೊ ಬಳಿದರು. ಕ್ರಿಸ್ಕೊ ಅಂದರೆ ಅಲ್ಲಿನ ಡಾಲ್ಡಾ. ಅಲ್ಲ ಸ್ವಾಮಿ, ಎಣ್ಣೆ ಹಚ್ಚಿದ ಕಂಬ ಕಂಡ ಗಂಡುಮಕ್ಕಳು ಸುಮ್ಮನಿರುತ್ತಾರಾ? ನಮ್ಮ ಮಂಗಳೂರು ಕಡೆ ಮೊಸರು ಕುಡಿಕೆಗೆ ಜಾರುಗಂಬ ನೆಟ್ಟು ನೋಡಿದವರು ಯಾರೇ ಆಗಲಿ ಆ ಪೊಲೀಸರಿಗೆ ಮೊದಲೇ ಹೇಳುತ್ತಿದ್ದರು. ಹತ್ತಿದರು. ಎರಡು ವಾರ ಬಿಟ್ಟು ಸೂಪರ್ ಬೌಲ್ ದಿನ ಡಾಲ್ಡಾ ಬದಲು ಹೈಡ್ರಾಲಿಕ್ ಎಣ್ಣೆ ಹಚ್ಚಿದರು. ಆಗಲೂ ಹತ್ತಿದರು.

ನಗುತ್ತಾ ಹೇಳಿದೆ, ಆದರೆ 2025ರ ಜನವರಿಯಲ್ಲಿ ಅದೇ ಊರಿನಲ್ಲಿ, ಅಂಥದ್ದೇ ಗೆಲುವಿನ ರಾತ್ರಿ, 18 ವರ್ಷದ ಕಾಲೇಜು ಹುಡುಗ ಕಂಬದಿಂದ ಬಿದ್ದು ತೀರಿಕೊಂಡ. ಆಮೇಲೆ ಆ ಡಾಲ್ಡಾ ಕಥೆಯನ್ನು ನಾನು ಮೊದಲಿನಷ್ಟು ಜೋರಾಗಿ ಹೇಳುವುದಿಲ್ಲ.

ಸೂಪರ್ ಬೌಲ್‌ನಲ್ಲಿ ಟೇಲ್‌ಗೇಟ್ ಎಲ್ಲಕ್ಕಿಂತ ದೊಡ್ಡದಿರಬೇಕು ಅಲ್ವಾ? ಮೇಲಿಂದ ಡ್ರೋನ್‌ನಲ್ಲಿ ಶೂಟ್ ಮಾಡಬಹುದಾ?
— ಫೋಟೊಗ್ರಾಫರ್, ಬೆಳಗಾವಿ

ಉಲ್ಟಾ. ಸೂಪರ್ ಬೌಲ್‌ನಲ್ಲಿ ಅದು ಹೆಚ್ಚುಕಮ್ಮಿ ಇರುವುದೇ ಇಲ್ಲ. ಸುತ್ತ ಬೇಲಿ, ನಾಯಿ, ಲಾರಿ ಎಕ್ಸ್‌ರೇ, ಕೇಂದ್ರ ಸರ್ಕಾರದವರೇ ಬಂದು ಕೂರುತ್ತಾರೆ. 2014ರಲ್ಲಿ ನ್ಯೂಜೆರ್ಸಿಯ ಮೆಟ್‌ಲೈಫ್ ಸ್ಟೇಡಿಯಂನಲ್ಲಿ ನಡೆದಾಗ ನಿಮ್ಮ ಗಾಡಿಯ ಪಕ್ಕ ನಿಂತು ತಿನ್ನಬಹುದು, ಒಲೆ ಹಚ್ಚುವಂತಿಲ್ಲ, ಕುರ್ಚಿ ಹಾಕುವಂತಿಲ್ಲ ಅಂದರು. ಕುರ್ಚಿ ಇಲ್ಲದ ಟೇಲ್‌ಗೇಟ್ ಅಂದರೆ ಬಾಳೆಎಲೆ ಇಲ್ಲದ ಮದುವೆ ಊಟ.

ಡ್ರೋನ್ ಮರೆತುಬಿಡಿ. ಮೂವತ್ತು ಸಾವಿರ ಸೀಟಿನ ಮೇಲಿನ ಕ್ರೀಡಾಂಗಣದಲ್ಲಿ ಎನ್‌ಎಫ್‌ಎಲ್ ಅಥವಾ ದೊಡ್ಡ ಕಾಲೇಜು ಪಂದ್ಯ ಇದ್ದರೆ, ಆಟಕ್ಕೆ ಒಂದು ಗಂಟೆ ಮೊದಲಿನಿಂದ ಮುಗಿದು ಒಂದು ಗಂಟೆಯವರೆಗೆ ಸುತ್ತ ಮೂರು ನಾಟಿಕಲ್ ಮೈಲಿ ಒಳಗೆ ಹಾರಿಸುವಂತಿಲ್ಲ. ಲಾಟ್ ಅದರೊಳಗೇ ಬರುತ್ತದೆ.

ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಅಷ್ಟು ಜನ ಸತ್ತರು. ಅಮೆರಿಕದಲ್ಲಿ ಅಷ್ಟು ಕುಡಿದೂ ನೂಕುನುಗ್ಗಲು ಆಗಲ್ಲ. ಬ್ರಿಟನ್‌ನವರಂತೂ ಫುಟ್‌ಬಾಲ್ ಪುಂಡರಿಗೇ ಹೆಸರುವಾಸಿ. ಏನು ವ್ಯತ್ಯಾಸ?
— ಬಿಎಂಟಿಸಿ ನೌಕರರು, ಬೆಂಗಳೂರು

ಈ ಪ್ರಶ್ನೆಗೆ ಬೇಗ ಬೇಗ ಉತ್ತರ ಕೊಡಲು ಮನಸ್ಸಾಗಲಿಲ್ಲ. 2025ರ ಜೂನ್ 4, ಆರ್‌ಸಿಬಿ ಕಪ್ ಗೆದ್ದ ಮರುದಿನ, 11 ಜನ ಹೋದರು. ಅಲ್ಲಿ ಕುಡಿತದ ಮಾತೇ ಇರಲಿಲ್ಲ. ಹದಿನೆಂಟು ವರ್ಷ ಕಾದವರ ಸಂತೋಷ, ಮತ್ತು ಎಲ್ಲರೂ ಒಂದೇ ಹೊತ್ತಿಗೆ ಅವೇ ಕೆಲವು ಗೇಟುಗಳ ಮುಂದೆ. ಪುಂಡಾಟ ಬೇರೆ, ನೂಕುನುಗ್ಗಲು ಬೇರೆ. ಪುಂಡನಿಗೆ ಲಾಠಿ ಕೆಲಸ ಮಾಡೀತು, ನೂಕುನುಗ್ಗಲಿಗೆ ಬೇಕಾದ್ದು ಜಾಗ, ಹೊತ್ತು ಮತ್ತು ಸರಿಯಾದ ಸುದ್ದಿ.

ಟೇಲ್‌ಗೇಟ್‌ನಿಂದ ಆಗುವ ಒಂದು ಉಪಕಾರ ಇಲ್ಲಿದೆ, ಯಾರೂ ಗಮನಿಸುವುದಿಲ್ಲ. ಎಪ್ಪತ್ತು ಸಾವಿರ ಜನ ನಾಲ್ಕು ಗಂಟೆಯುದ್ದಕ್ಕೂ ಹನಿಹನಿಯಾಗಿ ಬಂದು ಸೇರುತ್ತಾರೆ. ರಸ್ತೆ ಮೇಲೆ ಒತ್ತಡ ಕಮ್ಮಿ. ಕೈಯಲ್ಲಿ ಟಿಕೆಟ್ ಇದೆ, ಸೀಟ್ ನಂಬರ್ ಇದೆ, ಓಡುವ ಅವಸರ ಇಲ್ಲ. ಹಾಗಂತ ಅಲ್ಲಿ ಎಲ್ಲ ಸರಿ ಇದೆ ಅಂತಲ್ಲ. ಟಿಕೆಟ್ ಇಲ್ಲದ ವಿಜಯೋತ್ಸವಕ್ಕೆ ಬಂದರೆ ಅವರದ್ದೂ ಅದೇ ಪಾಡು. 2024ರ ಫೆಬ್ರವರಿ 14ರಂದು ಕ್ಯಾನ್ಸಸ್ ಸಿಟಿಯಲ್ಲಿ ಗೆಲುವಿನ ಮೆರವಣಿಗೆ ಮುಗಿಯುವ ಹೊತ್ತಿಗೆ ಗುಂಡು ಹಾರಿ ಒಬ್ಬರು ಸತ್ತರು, ಇಪ್ಪತ್ತಕ್ಕೂ ಜಾಸ್ತಿ ಜನಕ್ಕೆ ಗಾಯ. ಪೊಲೀಸರು ನೂರಾರು ಜನ ಅಲ್ಲೇ ಇದ್ದರು.

ಬ್ರಿಟನ್ ವಿಷಯ. ಅಲ್ಲಿ ಎರಡು ತಂಡದವರನ್ನು ಬೇರೆ ಬೇರೆ ಕೂರಿಸುತ್ತಾರೆ, ಇಂಗ್ಲೆಂಡಿನ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಮೈದಾನ ಕಾಣುವ ಕಡೆ ಮದ್ಯ ಕುಡಿಯುವಂತಿಲ್ಲ ಅಂತ 1985ರಿಂದ ಕಾನೂನಿದೆ. ಅಮೆರಿಕದಲ್ಲಿ ಎದುರಾಳಿ ನಿಮ್ಮ ಪಕ್ಕದ ಸೀಟಿನಲ್ಲೇ ಬಿಯರ್ ಹಿಡಿದು ಕೂತಿರುತ್ತಾನೆ. ದೇಶ ದೊಡ್ಡದು, ಎರಡು ಸಾವಿರ ಕಿಲೋಮೀಟರ್ ದೂರದ ತಂಡದ ಹಿಂದೆ ಸಾವಿರಾರು ಜನ ಗುಂಪುಕಟ್ಟಿ ಬರುವುದು ಅಪರೂಪ. ಆದರೆ ಹೊತ್ತಿನ ಲೆಕ್ಕ ಎಲ್ಲ ಕಡೆ ಒಂದೇ. 2021ರ ಜುಲೈ 11ರ ಯುರೊ ಫೈನಲ್, ಅಂದರೆ ಯುರೋಪಿನ ದೇಶಗಳ ಕಾಲ್ಚೆಂಡು ಕಪ್‌ನ ಫೈನಲ್ ನೋಡಿ. ರಾತ್ರಿ 8ಕ್ಕೆ ಆಟ, ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದ ಸುತ್ತ ಬೆಳಗ್ಗೆಯಿಂದಲೇ ಕುಡಿತ. ಸಂಜೆಗೆ ಟಿಕೆಟ್ ಇಲ್ಲದ ಸುಮಾರು ಎರಡು ಸಾವಿರ ಜನ ಗೇಟು ಮುರಿದು ನುಗ್ಗಿದರು. ಅಂಗವಿಕಲರಿಗೆ ಇಟ್ಟ ಬಾಗಿಲನ್ನೂ ಬಿಡಲಿಲ್ಲ. ಆಟ ಮಧ್ಯಾಹ್ನಕ್ಕೆ ಇಟ್ಟಿದ್ದರೆ ಅಷ್ಟು ಜನಕ್ಕೆ ಅಷ್ಟು ಏರುತ್ತಿರಲಿಲ್ಲ ಅನ್ನುವುದು ನನ್ನ ಅನಿಸಿಕೆ.

ಪಕ್ಕದ ಕಾರಿನವನು ಕುಡಿದು ಕೆಟ್ಟದಾಗಿ ಬೈಯುತ್ತಾನೆ ಅಂದುಕೊಳ್ಳಿ. ನಮ್ಮ ಮೈಬಣ್ಣ ನೋಡಿ ಏನೋ ಅಂದ ಅಂತಲೂ ಅಂದುಕೊಳ್ಳಿ. ಏನು ಮಾಡಬೇಕು? ಪೊಲೀಸ್ ಬರುತ್ತಾರಾ?
— ನ್ಯೂಜೆರ್ಸಿಗೆ ಹೊಸದಾಗಿ ಬಂದ ಓದುಗರು

ಮೊದಲು, ಉತ್ತರ ಕೊಡಬೇಡಿ. ಎರಡನೆಯದು, ಲಾಟ್‌ನಲ್ಲೂ ಒಳಗೂ ಬೋರ್ಡ್ ಮೇಲೆ ಒಂದು ನಂಬರ್ ಬರೆದಿರುತ್ತಾರೆ. ಎಲ್ಲಿದ್ದೀರಿ, ಏನಾಗುತ್ತಿದೆ ಅಂತ ಅದಕ್ಕೆ ಮೆಸೇಜ್ ಕಳಿಸಿ. ಫೋನ್ ಕಿವಿಗೆ ಹಿಡಿದರೆ ಅವನಿಗೆ ಗೊತ್ತಾಗುತ್ತದೆ, ಮೆಸೇಜ್ ಆದರೆ ಹೆಂಡತಿಗೆ ಬರೆಯುತ್ತಿದ್ದೀರಿ ಅಂದುಕೊಳ್ಳುತ್ತಾನೆ. ಹಳದಿ ಜಾಕೆಟ್‌ನ ಕಾವಲುಗಾರರು ಬರುತ್ತಾರೆ. ನಾನು ಒಮ್ಮೆ ಕಳಿಸಿದ್ದೆ, ಆರೇಳು ನಿಮಿಷ ಹಿಡಿಯಿತು. ಇನ್ನೊಮ್ಮೆ ಬೇರೊಂದು ಕಡೆ ಕಳಿಸಿದಾಗ ಯಾರೂ ಬರಲಿಲ್ಲ, ನಾವೇ ಗಾಡಿ ತೆಗೆದು ಆಚೆ ಸಾಲಿಗೆ ಹೋದೆವು. ಎರಡೂ ಆಗುತ್ತದೆ.

ಕುಡಿದು ಬೈಯುವವರು ಭಯಪಡುವುದು ಪೊಲೀಸರಿಗಿಂತ ಜಾಸ್ತಿ ಸೀಸನ್ ಟಿಕೆಟ್, ಅಂದರೆ ಇಡೀ ಸೀಸನ್‌ಗೆ ಒಟ್ಟಿಗೆ ತೆಗೆಯುವ ಟಿಕೆಟ್, ಕೈತಪ್ಪುತ್ತದೆ ಅಂತ. ಎನ್‌ಎಫ್‌ಎಲ್ 2008ರಲ್ಲಿ ಅಭಿಮಾನಿಗಳ ನಡವಳಿಕೆಗೆ ನಿಯಮ ಮಾಡಿತು. ಟಿಕೆಟ್ ಯಾರ ಹೆಸರಿನಲ್ಲಿದೆಯೋ ಅವರೇ ಹೊಣೆ, ಬಾವನಿಗೋ ಆಫೀಸಿನವನಿಗೋ ಕೊಟ್ಟಿದ್ದರೂ ಸರಿ. ಹೊರಗೆ ಹಾಕಿಸಿಕೊಂಡವನು ಮತ್ತೆ ಒಳಗೆ ಬರಬೇಕಾದರೆ ಆನ್‌ಲೈನ್‌ನಲ್ಲಿ ನಡವಳಿಕೆಯ ಪಾಠ ಕೇಳಿ ಪರೀಕ್ಷೆ ಪಾಸಾಗಬೇಕು, ಐವತ್ತು ವರ್ಷದ ಗಡ್ಡದವನೂ. ಗ್ರೀನ್ ಬೇ ಊರಿನಲ್ಲಿ ಸೀಸನ್ ಟಿಕೆಟ್‌ಗೆ ಕಾಯುವವರ ಪಟ್ಟಿ ಲಕ್ಷ ದಾಟಿದೆ, ಮಗು ಹುಟ್ಟಿದ ವಾರವೇ ಹೆಸರು ಬರೆಸುತ್ತಾರೆ. ಅಜ್ಜನ ಕಾಲದಿಂದ ಬಂದ ಅಂಥ ಟಿಕೆಟನ್ನು ಒಂದು ಬೈಗುಳಕ್ಕೆ ಯಾರು ಕಳೆದುಕೊಳ್ಳುತ್ತಾರೆ?

ಅದಕ್ಕೇ ಹೇಳುವುದು, ಜಾಗ ಆರಿಸುವಾಗ ಹಳಬರ ಪಕ್ಕ ನಿಲ್ಲಿಸಿ. ವರ್ಷಾನುಗಟ್ಟಲೆ ಅದೇ ಜಾಗಕ್ಕೆ ಬರುವವರು ಒಬ್ಬರನ್ನೊಬ್ಬರು ಬಲ್ಲರು, ಕುಡಿದು ಮಿತಿ ಮೀರಿದವನನ್ನು ಅವರೇ ಹಿಡಿದು ಕೂರಿಸುತ್ತಾರೆ. ಒಂದು ದಿನಕ್ಕೆ ಅಂತ ಬಾಡಿಗೆ ಬಸ್ಸಿನಲ್ಲಿ ಬಂದ ಹುಡುಗರ ಗುಂಪಿನಿಂದ ದೂರ ಇರಿ. ಟಿಕೆಟ್ಟೇ ಇಲ್ಲದೆ ಕುಡಿಯೋಕಷ್ಟೇ ಬಂದವರು ಇನ್ನೂ ಅಪಾಯ. 2011ರ ಆಗಸ್ಟ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಕ್ಯಾಂಡಲ್‌ಸ್ಟಿಕ್ ಪಾರ್ಕ್‌ನಲ್ಲಿ, ಅಂಕಕ್ಕೂ ಲೆಕ್ಕವಿಲ್ಲದ ಒಂದು ಪಂದ್ಯಕ್ಕೆ, ಲಾಟ್‌ನಲ್ಲಿ ಇಬ್ಬರಿಗೆ ಗುಂಡೇಟು ಬಿತ್ತು, ಶೌಚಾಲಯದಲ್ಲಿ ಒಬ್ಬನಿಗೆ ಪ್ರಜ್ಞೆ ತಪ್ಪುವಷ್ಟು ಹೊಡೆದರು. ಆಮೇಲೆ ಅಲ್ಲಿ ಬಂದ ಮುಖ್ಯ ಬದಲಾವಣೆ ಏನು ಗೊತ್ತಾ? ಆಟ ಶುರುವಾದ ಮೇಲೆ ಲಾಟ್‌ನಲ್ಲಿ ಟೇಲ್‌ಗೇಟ್ ಇಲ್ಲ, ಟಿಕೆಟ್ ಇದ್ದರೆ ಒಳಗೆ ನಡಿ, ಇಲ್ಲದಿದ್ದರೆ ಮನೆಗೆ ನಡಿ. ಹೊರಡುವ ದಾರಿಯಲ್ಲಿ ಕುಡಿದವರ ತಪಾಸಣೆ. ಕ್ಯಾಮೆರಾಗಿಂತ ನನಗೆ ಇದರ ಮೇಲೇ ನಂಬಿಕೆ ಜಾಸ್ತಿ.

ನಾವು ಸಸ್ಯಾಹಾರಿಗಳು. ಅಲ್ಲಿ ತಿನ್ನೋಕೆ ಏನಾದರೂ ಸಿಗುತ್ತಾ, ಇಲ್ಲ ಮಾಂಸದ ಹೊಗೆ ಕುಡಿದು ಬರಬೇಕಾ?
— ದಂಪತಿ, ಶಿರಸಿ

ನಿಮ್ಮದೇ ಒಲೆ ಒಯ್ಯಿರಿ. ಜೋಳದ ತೆನೆ ಸಾಕು. ಇದ್ದಿಲ ಮೇಲೆ ಸುಟ್ಟು, ಉಪ್ಪು ಖಾರ ಕಲೆಸಿದ ತಟ್ಟೆಗೆ ಅರ್ಧ ನಿಂಬೆಹಣ್ಣು ಅದ್ದಿ ಬಿಸಿ ಇರುವಾಗಲೇ ಉಜ್ಜಿ. ನಾವು ಹಾಗೆ ಮಾಡುತ್ತಿದ್ದಾಗ ಡಲ್ಲಾಸ್ ಅಂಗಿ ಹಾಕಿದ ದೈತ್ಯನೊಬ್ಬ ಬಂದು ನಿಂತ. ಫಿಲಡೆಲ್ಫಿಯಾದ ಲಾಟ್‌ನಲ್ಲಿ ಬದ್ಧವೈರಿ ಡಲ್ಲಾಸ್ ತಂಡದ ಅಂಗಿ ಅಂದರೆ ಬೆಳಗ್ಗೆಯಿಂದ ಬೈಗುಳ ತಿಂದು ಬಂದಿರುತ್ತಾನೆ. ಒಂದು ತೆನೆ ಕೊಟ್ಟೆವು. ಕಚ್ಚಿದ, ಖಾರಕ್ಕೆ ಕಣ್ಣಲ್ಲಿ ನೀರು ಬಂತು, ಇನ್ನೊಂದು ಕೇಳಿದ. ಸುತ್ತ ಇದ್ದ ಈಗಲ್ಸ್ ಅಭಿಮಾನಿಗಳು ಅವನಿಗೆ ಬೈಯುವುದು ಬಿಟ್ಟು ನಮ್ಮ ಒಲೆ ಮುಂದೆ ಸಾಲು ನಿಂತರು.

ಹೊರಡುವಾಗ ಕೆಂಡವನ್ನು ಕಾರಿನ ಕೆಳಗೆ ಸುರಿದು ಹೋಗಬೇಡಿ. ಲಾಟ್‌ನಲ್ಲಿ ಅದಕ್ಕೇ ಅಂತ ಕಬ್ಬಿಣದ ಡಬ್ಬಿ ಇಟ್ಟಿರುತ್ತಾರೆ. ಎಲ್ಲಿದೆ ಅಂತ ಬಂದ ಕೂಡಲೇ ನೋಡಿಟ್ಟುಕೊಳ್ಳಿ, ಆಮೇಲೆ ಹೊಗೆಯಲ್ಲಿ ಕಾಣುವುದಿಲ್ಲ.